ಮುನ್ಸಿಪಲ್ ವೇಸ್ಟ್ ತಂಡದ 'ದಿ ಆರ್ಟ್ ಆಫ್ ಪಾರ್ಟಿಯಿಂಗ್': ಇದು ಬರೀ ಕುಡುಕರ ಆಲ್ಬಮ್ಮಾ?

ರಿಫ್‌ಪ್ರಿಯ:

ಎಲ್ಲರಿಗೂ ನಮಸ್ಕಾರ. ಹೋದ ವಾರ ಮನೆ ಬದಲಾಯಿಸಿದೆವು. ಸಾಮಾನು ಕಟ್ಟುವಾಗ ಹಳೆಯ ಸಿಡಿಗಳ ಡಬ್ಬ ಕೈಗೆ ಸಿಕ್ಕಿತು. ಅದರಲ್ಲಿ ಅಮೆರಿಕಾದ ಮೆಟಲ್ ತಂಡ ಮುನ್ಸಿಪಲ್ ವೇಸ್ಟ್‌ನ 'ದಿ ಆರ್ಟ್ ಆಫ್ ಪಾರ್ಟಿಯಿಂಗ್' ಆಲ್ಬಮ್ ಇತ್ತು. 2007ರದ್ದು, ಇಯರೇಕ್ ರೆಕಾರ್ಡ್ಸ್ ತಂದದ್ದು. ಸುಮ್ನೆ ಹಾಕಿದೆ. ಅರ್ಧ ಗಂಟೆಯಲ್ಲಿ ಹದಿನೈದು ಹಾಡೂ ಮುಗಿದವು. ಮತ್ತೆ ಹಾಕಿದೆ. ಎರಡನೇ ಸಲ ಮುಗಿಯುವಷ್ಟರಲ್ಲಿ ಅಡುಗೆಮನೆಯ ಪಾತ್ರೆಪಗಡ ಅಷ್ಟೂ ಪೇಪರಿನಲ್ಲಿ ಸುತ್ತಿ ಪೆಟ್ಟಿಗೆ ಸೇರಿಸಿದ್ದೆ.

ಸಾಮಾನು ಹೊರಲು ಬಂದಿದ್ದ ನನ್ನ ಗೆಳೆಯನಿಗೂ ಮೆಟಲ್ ಇಷ್ಟ. ಅವನು ಕೇಳಿದ: 'ಇನ್ನೂ ಇದನ್ನು ಕೇಳುತ್ತೀಯಾ? ಇದು ಕುಡುಕರ ತಮಾಷೆ ಅಲ್ವಾ?' ಆಗ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಅನ್ನಿಸುವುದು ಇಷ್ಟು. ಥ್ರ್ಯಾಶ್‌ನಲ್ಲಿ, ಅಂದರೆ ಈ ಅತಿವೇಗದ ಮೆಟಲ್‌ನಲ್ಲಿ, ಸಿಟ್ಟು ತೋರಿಸುವುದು ಅಷ್ಟೇನೂ ಕಷ್ಟವಲ್ಲ. ಗಿಟಾರಿನ ಆ ಸದ್ದಿನಲ್ಲೇ ಸಿಟ್ಟು ಇದೆ. ಅದೇ ಸದ್ದಿನಿಂದ ಖುಷಿ ಹೊರಡಿಸುವುದು ಕಷ್ಟ. ಸದ್ದು ಮೆತ್ತಗಾಗಬಾರದು, ವೇಗ ಕಡಿಮೆಯಾಗಬಾರದು, ಆದರೂ ಕೇಳುವವನ ಮುಖದಲ್ಲಿ ನಗು ಬರಬೇಕು. ಈ ಆಲ್ಬಮ್ ಅದನ್ನು ಸಾಧಿಸಿದೆ. ಹೆಸರಿನಲ್ಲೇ 'ಕಲೆ' ಎಂಬ ಮಾತಿದೆ, ಅದನ್ನು ನಾನು ನಿಜವಾಗಿಯೇ ನಂಬುತ್ತೇನೆ. ನೀವೆಲ್ಲ ಏನು ಹೇಳುತ್ತೀರಿ?

ಮೌನಿ:

ನಿಮ್ಮ ಗೆಳೆಯರ ಪಕ್ಷ ನನ್ನದು. ಬೇಜಾರಾಗಬೇಡಿ.

ನಾನು ಮೆಟಲ್‌ಗೆ ಬಂದದ್ದು ಸ್ಲೇಯರ್, ಕ್ರಿಯೇಟರ್ ತಂಡಗಳನ್ನು ಕೇಳಿ. ಯುದ್ಧ, ಸಾವು, ಅಧಿಕಾರದ ಕ್ರೌರ್ಯ, ಹೀಗೆ ಬೇರೆ ಯಾರೂ ಮಾತಾಡದ ವಿಷಯ ಆ ಹಾಡುಗಳಲ್ಲಿ ಸಿಗುತ್ತಿತ್ತು. ಈ ಆಲ್ಬಮ್‌ನಲ್ಲಿ 'ಬಿಯರ್ ಪ್ರೆಷರ್' ಅಂತ ಹಾಡು. 'ಲಂಚ್ ಹಾಲ್ ಫುಡ್ ಬ್ರಾಲ್' ಅಂತ ಇನ್ನೊಂದು, ಶಾಲೆಯ ಊಟದ ಹಾಲಿನಲ್ಲಿ ಅನ್ನಸಾರು ಎರಚಾಡುವ ಹಾಗೆ. ಕೇಳುವಾಗ ಚೆನ್ನಾಗಿದೆ, ಕೇಳಿದ ಮೇಲೆ ಏನೂ ಉಳಿಯುವುದಿಲ್ಲ.

ಇನ್ನೊಂದು ಮಾತು. ಇದರಲ್ಲಿ ಹೊಸದೇನೂ ಇಲ್ಲ. ಜರ್ಮನಿಯ ಫ್ರಾಂಕ್‌ಫರ್ಟ್‌ನ ಟ್ಯಾಂಕಾರ್ಡ್ ತಂಡ ಎಂಬತ್ತರ ದಶಕದಿಂದಲೇ ಬಿಯರ್ ಹಾಡು ಹಾಡಿಕೊಂಡು ಬಂದಿದೆ.

ಹಳೇಕ್ಯಾಸೆಟ್:

ಮೌನಿಯವರೇ, ಟ್ಯಾಂಕಾರ್ಡ್ ಹೆಸರು ಎತ್ತಿದ್ದು ಒಳ್ಳೆಯದಾಯಿತು. ಆದರೆ ಇವೆರಡರ ಬೇರು ಬೇರೆ ಬೇರೆ. ಟ್ಯಾಂಕಾರ್ಡ್ ಮೂಲತಃ ಥ್ರ್ಯಾಶ್ ತಂಡ. ಮುನ್ಸಿಪಲ್ ವೇಸ್ಟ್‌ನದು ಕ್ರಾಸ್‌ಓವರ್, ಅಂದರೆ ಮೆಟಲ್ ಮತ್ತು ಪಂಕ್ ಬೆರೆತದ್ದು. ಈ ಪದದ ಹಿಂದೆ ಒಂದು ಜಗಳದ ಕಥೆ ಇದೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಎಂಬತ್ತರ ದಶಕದ ಶುರುವಿನಲ್ಲಿ ಅಮೆರಿಕಾದಲ್ಲಿ ಹಾರ್ಡ್‌ಕೋರ್ ಪಂಕ್ (ಚುಟುಕಾದ, ವೇಗದ, ಒರಟು ರಾಕ್) ಹುಡುಗರಿಗೂ ಮೆಟಲ್ ಹುಡುಗರಿಗೂ ಆಗಿಬರುತ್ತಿರಲಿಲ್ಲ. ಒಬ್ಬರದು ಬೋಳುತಲೆ, ಇನ್ನೊಬ್ಬರದು ಬೆನ್ನ ಮೇಲೆ ಬೀಳುವ ಕೂದಲು. ಒಂದೇ ಹಾಲಿನಲ್ಲಿ ಸೇರಿದರೆ ಹೊಡೆದಾಟವೇ. ಪಂಕ್‌ನವರಿಗೆ ಮೆಟಲ್ ಎಂದರೆ ದುಡ್ಡಿನವರ ಆಡಂಬರ. ಮೆಟಲ್‌ನವರಿಗೆ ಪಂಕ್ ಎಂದರೆ ವಾದ್ಯ ನುಡಿಸಲು ಬಾರದವರ ಗಲಾಟೆ.

ಟೆಕ್ಸಸ್‌ನ ಹ್ಯೂಸ್ಟನ್‌ನಲ್ಲಿ 1982ರಲ್ಲಿ ಹುಟ್ಟಿದ ಡಿ.ಆರ್.ಐ. ತಂಡ ಶುದ್ಧ ಹಾರ್ಡ್‌ಕೋರ್. ಅವರ ಮೊದಲ ರೆಕಾರ್ಡಿನಲ್ಲಿ 22 ಹಾಡು, ಅಷ್ಟೂ ಸೇರಿ ಇಪ್ಪತ್ತು ನಿಮಿಷವೂ ಇಲ್ಲ. ಹೋಗುತ್ತಾ ಹೋಗುತ್ತಾ ಅವರ ಗಿಟಾರ್ ಮೆಟಲ್ ಕಡೆ ವಾಲಿತು, ಹಾಡುಗಳು ಉದ್ದವಾದವು. 1987ರಲ್ಲಿ ಅವರು ತಂದ ಆಲ್ಬಮ್ಮಿನ ಹೆಸರೇ 'ಕ್ರಾಸ್‌ಓವರ್'. ಈ ಬಗೆಯ ಸಂಗೀತಕ್ಕೆ ಆ ಹೆಸರೇ ನಿಂತಿತು. ಅದೇ ಹೊತ್ತಿಗೆ ಕ್ಯಾಲಿಫೋರ್ನಿಯಾದ ವೆನಿಸ್‌ನಿಂದ ಸುಯಿಸೈಡಲ್ ಟೆಂಡೆನ್ಸೀಸ್, ನಾರ್ತ್ ಕ್ಯಾರೊಲಿನಾದ ರಾಲಿಯಿಂದ ಕೊರೋಷನ್ ಆಫ್ ಕನ್‌ಫಾರ್ಮಿಟಿ, ನ್ಯೂಯಾರ್ಕ್‌ನಿಂದ ಕ್ರೋ-ಮ್ಯಾಗ್ಸ್ ಬಂದರು. ಎಲ್ಲರೂ ಅದೇ ಗೋಡೆಗೆ ಬೇರೆ ಬೇರೆ ಕಡೆಯಿಂದ ತೂತು ಕೊರೆದವರು.

ಇದನ್ನು ಯಾಕೆ ಹೇಳಿದೆ ಎಂದರೆ, ಹೊಡೆದಾಡುತ್ತಿದ್ದ ಎರಡು ಗುಂಪುಗಳು ಒಂದೇ ನೆಲದ ಮೇಲೆ ಕುಣಿಯತೊಡಗಿದಾಗ ಹುಟ್ಟಿದ ಸಂಗೀತ ಇದು. ಕೂಡಿ ಕುಣಿಯುವುದೇ ಇದರ ಹುಟ್ಟುಗುಣ. 2001ರಲ್ಲಿ ವರ್ಜೀನಿಯಾದ ರಿಚ್‌ಮಂಡ್‌ನಲ್ಲಿ ಶುರುವಾದ ಮುನ್ಸಿಪಲ್ ವೇಸ್ಟ್ ಆ ಗುಣವನ್ನೇ ಎತ್ತಿಕೊಂಡು ಅದಕ್ಕೆ 'ಪಾರ್ಟಿ' ಎಂದು ಹೆಸರಿಟ್ಟಿತು. ಬಿಯರ್ ಅದರ ಮೇಲಿನ ನೊರೆ ಅಷ್ಟೇ.

ರಿಫ್‌ಪ್ರಿಯ:

ಹಳೇಕ್ಯಾಸೆಟ್ ಸರ್, 'ಮೇಲಿನ ನೊರೆ' ಎಂಬ ಮಾತು ತುಂಬಾ ಹಿಡಿಸಿತು. ನನ್ನ ಗೆಳೆಯನಿಗೆ ಇದನ್ನೇ ಕಳಿಸುತ್ತೇನೆ.

ಡಬಲ್‌ಪೆಡಲ್_ದಾವಣಗೆರೆ:

ನಾನು ಡ್ರಮ್ಸ್ ನುಡಿಸುತ್ತೇನೆ, ಹುಡುಗರಿಗೆ ಕಲಿಸುತ್ತೇನೆ. ಈ ಆಲ್ಬಮ್ಮಿನ ಬಗ್ಗೆ ಕೈಕಾಲಿನ ಕಡೆಯಿಂದ ಸ್ವಲ್ಪ ಹೇಳುತ್ತೇನೆ.

ಡ್ರಮ್ಸ್ ನುಡಿಸಿದವರು ಡೇವ್ ವಿಟ್ಟೆ. ಅವರು ಇದಕ್ಕೆ ಮೊದಲು ಡಿಸ್‌ಕಾರ್ಡೆನ್ಸ್ ಆಕ್ಸಿಸ್ ಎಂಬ ಗ್ರೈಂಡ್‌ಕೋರ್ (ವಿಪರೀತ ವೇಗದ ಸಂಗೀತ) ತಂಡದಲ್ಲಿ ಇದ್ದವರು. ಆ ತಂಡದ 2000ದ ಆಲ್ಬಮ್ ಒಮ್ಮೆ ಕೇಳಿ. ಅಲ್ಲಿ ಅವರ ಕೈ ಹೋಗುವ ವೇಗಕ್ಕೆ ನಾವು ಎಣಿಸುವುದನ್ನೇ ಬಿಡಬೇಕು. ಅಂಥ ಮನುಷ್ಯ ಇಲ್ಲಿ ಏನು ಮಾಡುತ್ತಾರೆ? ಹೆಚ್ಚಿನ ಕಡೆ ಒಂದೇ ಸರಳ ತಾಳ. ಬಲಗಾಲು, ಎಡಗೈ, ಬಲಗಾಲು, ಎಡಗೈ. ಧಪ್-ಟ, ಧಪ್-ಟ, ಧಪ್-ಟ. ಡ್ರಮ್ಮರ್‌ಗಳು ಇದಕ್ಕೆ ಸ್ಕ್ಯಾಂಕ್ ಬೀಟ್ ಎನ್ನುತ್ತಾರೆ.

ನನ್ನ ಬಳಿ ಕಲಿಯುವ ಒಬ್ಬ ಹುಡುಗನಿಗೆ 'ಹೆಡ್‌ಬ್ಯಾಂಗರ್ ಫೇಸ್ ರಿಪ್' ಹಾಡನ್ನು ಅರ್ಧ ವೇಗಕ್ಕೆ ಇಳಿಸಿ ಕೇಳಿಸಿದೆ. ಅರ್ಧ ವೇಗದಲ್ಲಿ ಒಂದು ವಿಷಯ ಕಿವಿಗೆ ಬಿತ್ತು. ಸ್ನೇರ್ (ಎಡಗೈ ಬಾರಿಸುವ ಡ್ರಮ್) ಪೆಟ್ಟು ಕೂದಲೆಳೆಯಷ್ಟೂ ತಡವಾಗುವುದಿಲ್ಲ, ಅವಸರವೂ ಪಡುವುದಿಲ್ಲ. ಆ ವೇಗದಲ್ಲಿ ನುಡಿಸುವ ಹೊಸಬರ ಸ್ನೇರ್ ಯಾವಾಗಲೂ ಮುಂದಕ್ಕೆ ಬೀಳುತ್ತದೆ, ಇಳಿಜಾರಿನಲ್ಲಿ ಓಡುವವನ ಹಾಗೆ. ಇವರದು ಬೀಳುವುದಿಲ್ಲ. ಆಮೇಲೆ ವಾಕ್ಯದ ಕೊನೆಗೆ ಒಂದು ಪುಟ್ಟ ಫಿಲ್, ಅಂದರೆ ತಾಳದ ನಡುವೆ ತುಂಬುವ ಚಿಕ್ಕ ಕೈಚಳಕ, ಬರುತ್ತದೆ. ಅಲ್ಲಿ ಮಾತ್ರ ಅವರ ಹಳೆಯ ಕೈ ಗೊತ್ತಾಗುತ್ತದೆ, ಫಟ್ ಅಂತ ಬಂದು ಫಟ್ ಅಂತ ಮಾಯ. ಹುಡುಗ ಆ ಒಂದು ಫಿಲ್ ಕಲಿಯಲು ಎರಡು ವಾರ ತೆಗೆದುಕೊಂಡ. ಈಗಲೂ ಪೂರ್ತಿ ವೇಗಕ್ಕೆ ಬಂದಿಲ್ಲ, ಆದರೆ ಕ್ಲಾಸಿಗೆ ಬರುವ ಮೊದಲೇ ತೊಡೆ ಮೇಲೆ ಬಾರಿಸುತ್ತಾ ಬರುತ್ತಾನೆ.

ಹೆಚ್ಚು ಬಲ್ಲವನು ಕಡಿಮೆ ನುಡಿಸುವುದು ಯಾಕೆ? ಕೆಳಗೆ ಜನ ಕುಣಿಯುತ್ತಿದ್ದಾರೆ. ಅವರ ಕಾಲಿಗೆ ಈ ಧಪ್-ಟ ಸಿಗಬೇಕು. ಅಲ್ಲಿ ಜಾಣತನ ತೋರಿಸಿದರೆ ಕುಣಿಯುವವರ ಹೆಜ್ಜೆ ತಪ್ಪುತ್ತದೆ. ಮದುವೆ ಮೆರವಣಿಗೆಯಲ್ಲಿ ತಮಟೆಯವರಿಗೆ ಇದು ಯಾರೂ ಹೇಳಿಕೊಡದೆ ಗೊತ್ತಿರುತ್ತದೆ.

ಮೌನಿಯವರೇ, ಕೇಳಿದ ಮೇಲೆ ಏನೂ ಉಳಿಯುವುದಿಲ್ಲ ಅಂದಿರಿ. ನನ್ನ ಮಟ್ಟಿಗೆ ಉಳಿದದ್ದು ಈ ಸಂಯಮ.

ಮೌನಿ:

ಡ್ರಮ್ಸ್ ವಿಷಯದಲ್ಲಿ ನಿಮ್ಮ ಮಾತಿಗೆ ಎದುರಿಲ್ಲ. ಇವತ್ತು ರಾತ್ರಿ ಆ ಕಿವಿಯಿಂದ ಕೇಳುತ್ತೇನೆ. ಆದರೂ ನನ್ನ ಪ್ರಶ್ನೆ ಸಾಹಿತ್ಯದ ಬಗ್ಗೆ. ಡಾಲಸ್‌ನ ಪವರ್ ಟ್ರಿಪ್ ತಂಡವೂ ಕ್ರಾಸ್‌ಓವರ್ರೇ. 2017ರ 'ನೈಟ್‌ಮೇರ್ ಲಾಜಿಕ್' ಕೇಳಿದರೆ ಮೈ ಕುಣಿಯುತ್ತದೆ, ಜೊತೆಗೆ ತಲೆಗೂ ಕೆಲಸ ಇರುತ್ತದೆ. ಅವರ ಗಾಯಕ ರೈಲಿ ಗೇಲ್ 2020ರಲ್ಲಿ ತೀರಿಕೊಂಡಾಗ ನಾನು ಎರಡು ದಿನ ಬೇರೆ ಏನೂ ಕೇಳಲಿಲ್ಲ. ಪಾರ್ಟಿ ಆಲ್ಬಮ್ ಮಾಡಿದವರ ಬಗ್ಗೆ ನನಗೆ ಹಾಗೆ ಅನ್ನಿಸುವುದು ಕಷ್ಟ.

ಹಳೇಕ್ಯಾಸೆಟ್:

ರೈಲಿ ಗೇಲ್ ವಿಷಯದಲ್ಲಿ ನಿಮ್ಮ ಜೊತೆ ನಾನೂ ಇದ್ದೇನೆ. ಆ ಗಂಟಲು ಮತ್ತೆ ಬರುವುದಿಲ್ಲ.

ಆದರೆ ಇದನ್ನು ಗಮನಿಸಿ. ಮುನ್ಸಿಪಲ್ ವೇಸ್ಟ್‌ನ ಗಾಯಕ ಟೋನಿ ಫೊರೆಸ್ಟಾ, ಬೇಸ್ ನುಡಿಸುವ ಲ್ಯಾಂಡ್‌ಫಿಲ್ ಹಾಲ್, ಇವರಿಬ್ಬರೂ ಸೇರಿ 2012ರಲ್ಲಿ ಐರನ್ ರೇಗನ್ ಎಂಬ ಇನ್ನೊಂದು ತಂಡ ಕಟ್ಟಿದರು. ಅಮೆರಿಕಾದ ಮಾಜಿ ಅಧ್ಯಕ್ಷ ರೇಗನ್ ಹೆಸರು, ಅಂದರೆ ಹೆಸರಿನಲ್ಲೇ ರಾಜಕೀಯ. ಅಲ್ಲಿನ ಸಿಟ್ಟು ನೇರವಾದ ಸಿಟ್ಟು. ಅಂದರೆ ಗಂಭೀರ ಮಾತು ಬಾರದೆ ಪಾರ್ಟಿ ಹಾಡು ಬರೆದವರಲ್ಲ ಇವರು. ಪಾರ್ಟಿಯನ್ನು ಬೇಕೆಂದೇ ಆರಿಸಿಕೊಂಡವರು.

2009ರ 'ಮ್ಯಾಸಿವ್ ಅಗ್ರೆಸಿವ್'ನಲ್ಲಿ ಪಾರ್ಟಿ ಮಾತು ಕಡಿಮೆ ಮಾಡಿ ನೋಡಿದರು. ಕೆಟ್ಟ ಆಲ್ಬಮ್ ಅಲ್ಲ. ಆದರೆ ನಾನು ಅದನ್ನು ಕಪಾಟಿನಿಂದ ತೆಗೆಯುವುದು ವರ್ಷಕ್ಕೆ ಒಂದು ಸಲ. 2007ರದ್ದು ಕಪಾಟಿಗೆ ವಾಪಸ್ ಹೋಗುವುದೇ ಇಲ್ಲ.

ಕಾಫಿ_ಮಾತ್ರ:

ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ಈಗ ನನ್ನ ಸರದಿ.

ನಾನು ಕುಡಿಯುವುದಿಲ್ಲ. ಯಾವತ್ತೂ ಕುಡಿದಿಲ್ಲ. ನಮ್ಮ ಮನೆಯಲ್ಲಿ ಕುಡಿತದಿಂದ ಆದ ನೋವು ನೋಡಿಯೇ ಬೆಳೆದವಳು. ಹಾಗಿದ್ದೂ ಈ ಆಲ್ಬಮ್ ನನ್ನ ಪ್ರಾಣ. ಅದಕ್ಕೇ 'ಕುಡುಕರ ಆಲ್ಬಮ್' ಎಂದಾಗ ಸ್ವಲ್ಪ ಚುಚ್ಚಿತು.

ಮನೆಯಲ್ಲಿ ನಾನು ನೋಡಿದ ಕುಡಿತ ಒಂಟಿ ಕುಡಿತ. ಬಾಗಿಲು ಹಾಕಿಕೊಂಡು, ಯಾರನ್ನೂ ಹತ್ತಿರ ಬಿಟ್ಟುಕೊಳ್ಳದೆ. ಈ ಹಾಡುಗಳಲ್ಲಿ ಒಬ್ಬನೇ ಕೂತವನು ಎಲ್ಲೂ ಇಲ್ಲ. ಎಲ್ಲ ಕಡೆ ಗುಂಪು. ಪಲ್ಲವಿ ಬಂದ ಕೂಡಲೇ ಐದಾರು ಗಂಟಲು ಒಟ್ಟಿಗೆ ಕೂಗುತ್ತವೆ. ಕೇಳುವವಳು ಏಳನೆಯವಳು, ಅಷ್ಟೇ. ಆ ಕೂಗಿಗೆ ಸೇರಲು ಗ್ಲಾಸ್ ಬೇಕಾಗಿಲ್ಲ. ಗಂಟಲು ಇದ್ದರೆ ಸಾಕು.

ಒಂದು ಅನುಭವ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಬೆಂಗಳೂರಿನ ಒಂದು ಪಬ್‌ನಲ್ಲಿ ಊರಿನದೇ ಥ್ರ್ಯಾಶ್ ತಂಡಗಳ ಸಂಜೆ ಇತ್ತು. ಚಿಕ್ಕ ಜಾಗ. ಸ್ಟೇಜ್ ಎಂದರೆ ಮೊಣಕಾಲೆತ್ತರದ ಹಲಗೆ. ನಾನು ಮೊದಲ ಸಲ ಪಿಟ್‌ಗೆ, ಅಂದರೆ ಸ್ಟೇಜಿನ ಮುಂದೆ ಜನ ಡಿಕ್ಕಿ ಹೊಡೆಯುತ್ತಾ ಕುಣಿಯುವ ಜಾಗಕ್ಕೆ, ಇಳಿದದ್ದು ಅವತ್ತು. ಮೂರನೇ ಹಾಡಿಗೆ ಯಾರದೋ ಭುಜ ತಗುಲಿ ಬಿದ್ದುಬಿಟ್ಟೆ. ನೆಲ ಒದ್ದೆಯಾಗಿತ್ತು. ಕಣ್ಣ ಮುಂದೆ ಬರೀ ಶೂಗಳು. ಒಂದು ಕ್ಷಣ ಉಸಿರು ನಿಂತಿತು.

ಅಷ್ಟರಲ್ಲಿ ಎರಡು ಕಡೆಯಿಂದ ಎರಡು ಕೈ ಕಂಕುಳಿಗೆ ಬಂದವು. ಎತ್ತಿ ನಿಲ್ಲಿಸಿದರು. ಒಬ್ಬ ದಪ್ಪನೆಯ ಹುಡುಗ ಎರಡೂ ತೋಳು ಚಾಚಿ ನನ್ನ ಸುತ್ತ ಜಾಗ ಮಾಡಿದ. 'ಅಕ್ಕಾ, ಸರಿ ಇದ್ದೀರಾ?' ಎಂದು ಕಿವಿ ಹತ್ತಿರ ಕೂಗಿ ಕೇಳಿದ. ತಲೆ ಆಡಿಸಿದೆ. ಆಗ ನೋಡಿದರೆ ನನ್ನ ಎಡಗಾಲಿನ ಶೂ ಇಲ್ಲ. ಗುಂಪಿನ ಆ ತುದಿಯಲ್ಲಿ ಒಂದು ಕೈ ಮೇಲೆದ್ದಿತು. ಆ ಕೈಯಲ್ಲಿ ನನ್ನ ಶೂ. ಹಾಡು ನಡೆಯುತ್ತಲೇ ಇದೆ, ಜನ ಸುತ್ತುತ್ತಲೇ ಇದ್ದಾರೆ, ಶೂ ಮಾತ್ರ ಕೈಯಿಂದ ಕೈಗೆ ದಾಟಿ ನನ್ನ ಹತ್ತಿರ ಬಂತು.

ಮೊದಲೇ ಬಿಡಿಸಿ ಹೇಳಿಬಿಡುತ್ತೇನೆ, ಎಲ್ಲ ಕಡೆ ಹೀಗೆ ಇರುವುದಿಲ್ಲ. ಇನ್ನೊಂದು ಕಾರ್ಯಕ್ರಮದಲ್ಲಿ ಒಬ್ಬ ಬೇಕೆಂದೇ ಕೈ ಹಾಕಲು ಬಂದ. ಅಲ್ಲಿದ್ದ ಸಿಬ್ಬಂದಿಗೆ ಹೇಳಿದರೆ 'ಪಿಟ್‌ಗೆ ಯಾಕೆ ಇಳಿದಿರಿ' ಎಂದರು. ಆ ಜಾಗಕ್ಕೆ ಮತ್ತೆ ಹೋಗಿಲ್ಲ. ಅದಕ್ಕೇ ನನಗೆ ಮೊದಲನೆಯ ಸಂಜೆ ಇಷ್ಟು ದೊಡ್ಡದು. ಪಾರ್ಟಿ ಎಂದರೆ ಬಿದ್ದವರನ್ನು ಎತ್ತುವ ಜಾಗ ಎಂದು ನನಗೆ ಅವತ್ತು ಗೊತ್ತಾಯಿತು. ಮನೆಗೆ ಬಂದು ಹಾಕಿದ್ದು ಇದೇ ಆಲ್ಬಮ್.

ರಿಫ್‌ಪ್ರಿಯ:

ಕಾಫಿ_ಮಾತ್ರ ಅವರೇ, ಇದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ಆ ಎರಡನೆಯ ಜಾಗದಲ್ಲಿ ನಿಮಗೆ ಆದದ್ದಕ್ಕೆ ತುಂಬಾ ಬೇಸರವಾಯಿತು. ನನ್ನ ಶೀರ್ಷಿಕೆಯ ಪ್ರಶ್ನೆಗೆ ಉತ್ತರ ನಿಮ್ಮಿಂದಲೇ ಬಂದಿದೆ.

ಮೌನಿ:

ನಾನು 'ಕುಡುಕರ' ಎಂಬ ಮಾತಿಗೆ ಒಪ್ಪಿದ್ದೆ. ಅದನ್ನು ವಾಪಸ್ ತೆಗೆದುಕೊಳ್ಳುತ್ತೇನೆ ಅಕ್ಕಾ.

ಕಡಲಾಚೆ:

ನಾನು ಶಿರಸಿ ಕಡೆಯವನು, ಈಗ ಅಮೆರಿಕಾದ ಪೂರ್ವ ಕರಾವಳಿಯಲ್ಲಿ ಕೆಲಸದಲ್ಲಿದ್ದೇನೆ. ಮುನ್ಸಿಪಲ್ ವೇಸ್ಟ್‌ರನ್ನು ಒಮ್ಮೆ ಚಿಕ್ಕ ಹಾಲಿನಲ್ಲಿ ನೋಡಿದ್ದೇನೆ. ಅದನ್ನು ಹೇಳದೆ ಇರಲಾಗುತ್ತಿಲ್ಲ.

ಸ್ಟೇಜಿಗೂ ಜನಕ್ಕೂ ನಡುವೆ ಕಬ್ಬಿಣದ ಬೇಲಿ ಇರಲಿಲ್ಲ. ಎರಡನೇ ಹಾಡಿಗೆ ಯಾರೋ ಬೂಗಿ ಬೋರ್ಡ್ ಎತ್ತಿಕೊಂಡು ಬಂದರು. ಸಮುದ್ರದ ಅಲೆ ಮೇಲೆ ಮಕ್ಕಳು ಹೊಟ್ಟೆಯಡಿ ಇಟ್ಟುಕೊಂಡು ಜಾರುತ್ತಾರಲ್ಲ, ಆ ಹಗುರ ಹಲಗೆ. ಅದರ ಮೇಲೆ ಒಬ್ಬ ಮಲಗಿದ. ಜನರ ತಲೆಗಳ ಮೇಲೆ ಕೈಯಿಂದ ಕೈಗೆ ಜಾರುತ್ತಾ ಹಾಲಿನ ಹಿಂದಿನ ಗೋಡೆ ಮುಟ್ಟಿ ವಾಪಸ್ ಬಂದ. ಇವರ ಕಾರ್ಯಕ್ರಮಗಳಲ್ಲಿ ಇದು ಹೆಸರುವಾಸಿ ಆಟ. ನನ್ನ ತಲೆಯ ಮೇಲೂ ಆ ಹಲಗೆ ಹೋಯಿತು. ಎರಡೂ ಕೈ ಎತ್ತಿ ಮುಂದಕ್ಕೆ ತಳ್ಳಿದೆ. ಮೇಲಿದ್ದವನು ಐವತ್ತರ ಆಸುಪಾಸಿನ ಮನುಷ್ಯ, ಬಿಳಿ ಗಡ್ಡ. ಮಗುವಿನ ಹಾಗೆ ನಗುತ್ತಿದ್ದ.

ಕೊನೆಗೆ 'ಬಾರ್ನ್ ಟು ಪಾರ್ಟಿ' ಬಂತು. ಆಲ್ಬಮ್ಮಿನ ಕೊನೆಯ ಹಾಡು. ಅದರಲ್ಲಿ ತಂಡದ ಹೆಸರನ್ನೇ ಹಿಡಿದು ಕೂಗುವ ಭಾಗ ಇದೆಯಲ್ಲ, ಅದನ್ನು ಹಾಡುವವರು ಸ್ಟೇಜಿನ ಮೇಲಿದ್ದರೋ ಕೆಳಗಿದ್ದರೋ ಗೊತ್ತಾಗುತ್ತಿರಲಿಲ್ಲ. ಮೈಕ್ ಜನರ ಕೈಯಲ್ಲಿತ್ತು. ಊರಿನಲ್ಲಿ ತೇರು ಎಳೆಯುವಾಗ ಹಗ್ಗ ಹಿಡಿದವರೆಲ್ಲ ಒಟ್ಟಿಗೆ ಕೂಗುತ್ತಾರಲ್ಲ, ನನಗೆ ಅದೇ ನೆನಪಾಯಿತು. ಕಣ್ಣು ಒದ್ದೆಯಾಯಿತು. ಮನೆಯಿಂದ ಅಷ್ಟು ದೂರದಲ್ಲಿ ಒಂದು ಗುಂಪಿನೊಳಗೆ ಸೇರಿದ್ದೆ ಅನ್ನಿಸಿತು.

ರಿಚ್‌ಮಂಡ್ ಬಗ್ಗೆ ಒಂದು ಮಾತು. ಚಿಕ್ಕ ನಗರ, ಆದರೆ ಗ್ವಾರ್ ಅಲ್ಲಿಯದೇ ತಂಡ. ಅಲ್ಲಿನ ಕಾಲೇಜಿನ ಕಲಾ ವಿದ್ಯಾರ್ಥಿಗಳ ನಡುವೆ ಹುಟ್ಟಿ, ರಬ್ಬರ್ ರಾಕ್ಷಸರ ವೇಷ ತೊಟ್ಟು ಜನರ ಮೇಲೆ ಬಣ್ಣದ ನೀರು ಎರಚುವವರು. ಲ್ಯಾಂಬ್ ಆಫ್ ಗಾಡ್ ಕೂಡ ಅಲ್ಲಿಯವರೇ. ಗ್ವಾರ್ ಆಡಿಹೋದ ಊರಿನಲ್ಲಿ ಸಂಗೀತಕ್ಕೆ ಮೋಜು ಸೇರಿಸಲು ಯಾರಿಗೂ ನಾಚಿಕೆ ಇರಲಾರದು.

ಹಳೇಕ್ಯಾಸೆಟ್:

ಲ್ಯಾಂಬ್ ಆಫ್ ಗಾಡ್ 2010ರಲ್ಲಿ ಬೆಂಗಳೂರಿಗೆ ಬಂದಾಗ ನಾನು ಹೋಗಿದ್ದೆ. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿದ ದಿನವೂ ಇದ್ದೆ. ಅದೇ ವರ್ಷದ ಆಲ್ಬಮ್ ಇದು. 2011ರ ಅಕ್ಟೋಬರಿನಲ್ಲಿ ಅದೇ ಮೈದಾನದಲ್ಲಿ ಮೆಟಾಲಿಕಾ. ಆ ಮೂರೂ ಸಂಜೆ ನನ್ನ ಬದುಕಿನ ದೊಡ್ಡ ದಿನಗಳು.

ಆದರೆ ಅಲ್ಲಿ ಸ್ಟೇಜ್ ದೂರ. ಬೇಲಿ, ಅದರ ಮುಂದೆ ಕಾವಲಿನವರು, ಅದರ ಹಿಂದೆ ದೇವರುಗಳು. ನಾವು ಕೈ ಮುಗಿದು ನಿಂತವರು. ಕ್ರಾಸ್‌ಓವರ್‌ನಲ್ಲಿ ಆ ದೂರ ಇಲ್ಲ. ಹಾಡುವವನು ಜಿಗಿದು ಕೆಳಗೆ ಬರುತ್ತಾನೆ, ಕೇಳುವವನು ಹತ್ತಿ ಮೇಲೆ ಹೋಗುತ್ತಾನೆ. ಪಂಕ್‌ನಿಂದ ಬಂದ ಬಳುವಳಿ ಇದು. ಮುನ್ಸಿಪಲ್ ವೇಸ್ಟ್ ಎಂದರೆ ನಗರಸಭೆಯ ಕಸ ತಾನೇ? ತಮ್ಮನ್ನೇ ಕಸ ಎಂದು ಕರೆದುಕೊಂಡವರು ಎತ್ತರದ ಪೀಠ ಹಾಕಿಕೊಂಡು ಕೂರುವುದಿಲ್ಲ. ಅವರ ಮೊದಲ ಪೂರ್ಣ ಆಲ್ಬಮ್ 2003ರ 'ವೇಸ್ಟ್ ಎಮ್ ಆಲ್'. ಮೆಟಾಲಿಕಾದ ಮೊದಲ ಆಲ್ಬಮ್ 'ಕಿಲ್ ಎಮ್ ಆಲ್'ನ ಹೆಸರನ್ನು ಪ್ರೀತಿಯಿಂದ ತಿರುಗಿಸಿ ಇಟ್ಟದ್ದು.

ಮುಖಪುಟಗಳಲ್ಲೂ ಇದೇ ಪ್ರೀತಿ. 2005ರ 'ಹಜಾರ್ಡಸ್ ಮ್ಯುಟೇಶನ್'ಗೆ ಚಿತ್ರ ಬರೆದವರು ಎಡ್ ರೆಪ್ಕಾ. ಮೆಗಾಡೆತ್‌ನ 1986ರ ಆಲ್ಬಮ್ಮಿನ ಮುಖಪುಟ ಅವರದೇ. 2007ರದ್ದಕ್ಕೆ ಆಂಡ್ರೇ ಬೌಜಿಕೋವ್. ನನ್ನ ಮಗಳು ಚಿಕ್ಕವಳಿದ್ದಾಗ ಆ ಮುಖಪುಟವನ್ನು ಕಾಮಿಕ್ಸ್ ಪುಸ್ತಕ ಎಂದುಕೊಂಡು ಒಳಗಿನ ಪುಟಗಳನ್ನು ಹುಡುಕುತ್ತಿದ್ದಳು.

ಹೊಸಬ_19:

ಎಲ್ಲರಿಗೂ ನಮಸ್ಕಾರ. ನನಗೆ ಹತ್ತೊಂಬತ್ತು. ನಾನು ಇಲ್ಲಿ ಬರೆಯುತ್ತಿರುವುದು ಇದೇ ಮೊದಲು. ಮೆಟಾಲಿಕಾ, ಸ್ಲೇಯರ್ ಮಾತ್ರ ಕೇಳಿದ್ದೇನೆ. ಕ್ರಾಸ್‌ಓವರ್ ಒಂದೂ ಕೇಳಿಲ್ಲ. ಎಸ್.ಓ.ಡಿ. ಎಂಬ ತಂಡದಿಂದ ಶುರು ಮಾಡು ಎಂದು ಒಬ್ಬರು ಹೇಳಿದರು. ಸರಿನಾ?

ಕಾಫಿ_ಮಾತ್ರ:

ತಮ್ಮಾ, ಸ್ವಾಗತ. ಎಸ್.ಓ.ಡಿ. ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. 1985ರ ಆ ಆಲ್ಬಮ್ಮಿನ ಹೆಸರಿನ ಅರ್ಥವೇ 'ಇಂಗ್ಲಿಷ್ ಮಾತಾಡಿ, ಇಲ್ಲ ಸಾಯಿರಿ'. ತಮಾಷೆಗೆ ಮಾಡಿದ್ದು ಎನ್ನುತ್ತಾರೆ. ರಿಫ್‌ಗಳು (ಮತ್ತೆ ಮತ್ತೆ ಬರುವ ಗಿಟಾರ್ ತುಣುಕುಗಳು) ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ತಮಾಷೆಯ ಪೆಟ್ಟು ಬೀಳುವುದು ಹೊರಗಿನಿಂದ ಬಂದ ಬಡವರ ಮೇಲೆ. ಬೇರೆ ನುಡಿಯವಳಾದ ನನಗೆ ಅದು ನಗು ತರಿಸುವುದಿಲ್ಲ.

ಮುನ್ಸಿಪಲ್ ವೇಸ್ಟ್‌ನ ಮೋಜು ಯಾರನ್ನೂ ಬಾಗಿಲಾಚೆ ನಿಲ್ಲಿಸುವುದಿಲ್ಲ. 2016ರ ಅಮೆರಿಕಾ ಚುನಾವಣೆಯ ಹೊತ್ತಿಗೆ, ಗಡಿಗೆ ಗೋಡೆ ಕಟ್ಟುವ ಮಾತು ಎದ್ದಾಗ, ಅವರು ಒಂದು ಟೀಶರ್ಟ್ ತಂದರು. 'ನಾವು ಕಟ್ಟುವ ಗೋಡೆ ವಾಲ್ ಆಫ್ ಡೆತ್ ಮಾತ್ರ' ಎಂಬ ಅರ್ಥದ ಮಾತು ಅದರ ಮೇಲಿತ್ತು. ನಿನಗೆ ಗೊತ್ತಿರಲಿ ಅಂತ ಹೇಳುತ್ತೇನೆ, ವಾಲ್ ಆಫ್ ಡೆತ್ ಎಂದರೆ ಜನ ಎರಡು ಭಾಗವಾಗಿ ಎದುರುಬದುರು ನಿಂತು, ತಂಡ ಸನ್ನೆ ಕೊಟ್ಟ ಕೂಡಲೇ ಓಡಿ ಬಂದು ಒಂದಾಗುವುದು.

ಡಬಲ್‌ಪೆಡಲ್_ದಾವಣಗೆರೆ:

ಹೊಸಬ ತಮ್ಮಾ, ಎಸ್.ಓ.ಡಿ. ಕೇಳಬೇಡ ಎಂದು ನಾನು ಹೇಳುವುದಿಲ್ಲ. ಕಿವಿ ತೆರೆದು, ಅಕ್ಕ ಹೇಳಿದ್ದನ್ನೂ ನೆನಪಿಟ್ಟುಕೊಂಡು ಕೇಳು. ಆದರೆ ಶುರು ಮಾಡುವುದು ಅಲ್ಲಿಂದ ಬೇಡ. ಸುಯಿಸೈಡಲ್ ಟೆಂಡೆನ್ಸೀಸ್‌ನ 1983ರ ಮೊದಲ ಆಲ್ಬಮ್, ಡಿ.ಆರ್.ಐ.ನ 1985ರ 'ಡೀಲಿಂಗ್ ವಿತ್ ಇಟ್', ಆಮೇಲೆ ನೇರ 2007ಕ್ಕೆ ಬಾ. ನಡುವಿನ ಇಪ್ಪತ್ತು ವರ್ಷದಲ್ಲಿ ರೆಕಾರ್ಡಿಂಗ್ ಎಷ್ಟು ಬದಲಾಯಿತು ಎಂದು ನಿನಗೇ ಗೊತ್ತಾಗುತ್ತದೆ.

ಈ ಆಲ್ಬಮ್ಮಿನ ನಿರ್ಮಾಪಕ 'ಝೂಸ್' (Zeuss) ಎಂದೇ ಹೆಸರಾದವರು. ಹೇಟ್‌ಬ್ರೀಡ್‌ನಂಥ ಹಾರ್ಡ್‌ಕೋರ್ ತಂಡಗಳ ಜೊತೆ ಕೆಲಸ ಮಾಡಿದವರು. ಹಳೆಯ ಕ್ರಾಸ್‌ಓವರ್ ರೆಕಾರ್ಡುಗಳಲ್ಲಿ ಗಿಟಾರ್ ಜೇನುಹುಳದ ಹಾಗೆ ಗುಂಯ್ ಎನ್ನುತ್ತದೆ, ಬೇಸ್ ಕೇಳುವುದೇ ಇಲ್ಲ. ಇಲ್ಲಿ ಎಲ್ಲವೂ ಬಿಡಿಬಿಡಿ. ಆಗ ತಂಡದಲ್ಲಿ ರಯಾನ್ ವೇಸ್ಟ್ ಒಬ್ಬರೇ ಗಿಟಾರ್. ಅವರು ತಂತಿಯ ಮೇಲೆ ಅಂಗೈ ಒತ್ತಿ ನುಡಿಸುವ ಚಗ್-ಚಗ್ ಸದ್ದಿನ ಕೆಳಗೆ ಬೇಸ್ ಗರಗಸದ ಹಾಗೆ ಓಡುತ್ತದೆ. ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳು.

ಮೌನಿ:

ನಿನ್ನೆ ರಾತ್ರಿ ಪೂರ್ತಿ ಕೇಳಿದೆ. ಎರಡು ಸಲ. ಪ್ರಾಮಾಣಿಕವಾಗಿ ಬರೆಯುತ್ತೇನೆ.

ಶುರುವಿನ ಪುಟ್ಟ 'ಪ್ರೀ-ಗೇಮ್' ಮುಗಿದು ಶೀರ್ಷಿಕೆ ಹಾಡಿಗೆ ದಾಟುವ ಜಾಗ ನನಗೆ ಮೊದಲು ಗಮನಕ್ಕೆ ಬಂದೇ ಇರಲಿಲ್ಲ. ಈ ಸಲ ಆ ಜಾಗದಲ್ಲಿ ಎದ್ದು ಕೂತೆ. 'ಸ್ಯಾಡಿಸ್ಟಿಕ್ ಮೆಜಿಶಿಯನ್' ಈಗಲೂ ತಲೆಯಲ್ಲಿ ಓಡುತ್ತಿದೆ. ಡ್ರಮ್ಸ್ ಬಗ್ಗೆ ಹೇಳಿದ್ದು ನೂರಕ್ಕೆ ನೂರು ನಿಜ.

ಆದರೆ ಹತ್ತನೇ ಹಾಡು ದಾಟಿದ ಮೇಲೆ ಒಂದರ ಹಾಗೆ ಇನ್ನೊಂದು ಕೇಳಿಸಿತು. ಅದನ್ನು ಮುಚ್ಚಿಡಲಾರೆ. ನನ್ನ ಮನಸ್ಸಿನಲ್ಲಿ 'ನೈಟ್‌ಮೇರ್ ಲಾಜಿಕ್' ಇರುವ ಜಾಗಕ್ಕೆ ಇದು ಬರುವುದಿಲ್ಲ. ಆದರೆ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ನನ್ನ ತಪ್ಪು ಅನ್ನಿಸಿತು. ಒಂದನ್ನು ಒಬ್ಬನೇ ಕತ್ತಲಲ್ಲಿ ಕೂತು ಕೇಳುತ್ತೇನೆ. ಇನ್ನೊಂದನ್ನು ಹಾಗೆ ಕೇಳಿದ್ದರಿಂದಲೇ ನನಗೆ ಅರ್ಧ ಸಿಕ್ಕಿತೋ ಏನೋ.

ರಿಫ್‌ಪ್ರಿಯ:

ಮೌನಿಯವರೇ, ಎರಡು ಸಲ ಕೇಳಿ ಬಂದು ಬರೆದಿರಿ. ಅದಕ್ಕೆ ದೊಡ್ಡ ಥ್ಯಾಂಕ್ಸ್. ಕೊನೆಯ ಮೂರನೇ ಒಂದು ಭಾಗ ಸ್ವಲ್ಪ ಒಂದೇ ತರಹ ಎಂಬ ಮಾತು ನನಗೂ ಒಪ್ಪಿಗೆ. ಕೊನೆಯ ಹಾಡು ಬಂದು ಅದನ್ನು ಎತ್ತಿ ನಿಲ್ಲಿಸುತ್ತದೆ. ಬರುವ ಶನಿವಾರ ನಮ್ಮ ಹೊಸ ಮನೆಗೆ ಬನ್ನಿ. ನಾಲ್ಕು ಜನ ಸೇರಿ ಜೋರಾಗಿ ಹಾಕೋಣ. ಕಾಫಿ ಇರುತ್ತದೆ, ಮೆಣಸಿನಕಾಯಿ ಬಜ್ಜಿ ಇರುತ್ತದೆ. ಪಕ್ಕದ ಮನೆಯವರಿಗೆ ರಾತ್ರಿ ಎಂಟಕ್ಕೆ ನಿಲ್ಲಿಸುತ್ತೇವೆ ಎಂದು ಹೇಳಿಯಾಗಿದೆ.

ಹಳೇಕ್ಯಾಸೆಟ್:

ನಾನೂ ಬರುತ್ತೇನೆ. ಡಿ.ಆರ್.ಐ. ಕ್ಯಾಸೆಟ್ ತರುತ್ತೇನೆ. ತೊಂಬತ್ತರ ದಶಕದಲ್ಲಿ ಗೆಳೆಯನೊಬ್ಬ ಖಾಲಿ ಕ್ಯಾಸೆಟ್ ಮೇಲೆ ತುಂಬಿಸಿಕೊಟ್ಟದ್ದು. ಹಾಡಿನ ಹೆಸರುಗಳನ್ನು ಬಾಲ್ ಪೆನ್ನಿನಲ್ಲಿ ಅವನೇ ಬರೆದಿದ್ದ. 22 ಹೆಸರು ಆ ಚಿಕ್ಕ ಚೀಟಿಯಲ್ಲಿ ಹಿಡಿಸದೆ ಹಿಂಬದಿಗೂ ಹೋಗಿವೆ. ಟೇಪ್ ರೆಕಾರ್ಡರ್ ಇದೆಯಾ ನಿಮ್ಮಲ್ಲಿ? ಇಲ್ಲದಿದ್ದರೆ ಅದನ್ನೂ ತರುತ್ತೇನೆ.

ಹೊಸಬ_19:

ಈಗ ಬಸ್ಸಿನಲ್ಲಿ ಇದ್ದೇನೆ, ತುಮಕೂರಿನಿಂದ ವಾಪಸ್ ಬರುತ್ತಿದ್ದೇನೆ. ಇಡೀ ಆಲ್ಬಮ್ ಕೇಳಿ ಮುಗಿಸಿದೆ. ದಾಬಸ್‌ಪೇಟೆ ದಾಟುವಾಗ 'ಬಾರ್ನ್ ಟು ಪಾರ್ಟಿ' ಬಂತು. ಗೊತ್ತಿಲ್ಲದೆ ಕಾಲು ಕುಟ್ಟುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ 'ಏನು ಕೇಳ್ತಿದ್ದೀಯ ಮಗಾ, ನಗ್ತಾ ಇದ್ದೀಯಲ್ಲ' ಎಂದರು. ಒಂದು ಕಡೆಯ ಇಯರ್‌ಫೋನ್ ಕೊಟ್ಟೆ. ಅರ್ಧ ನಿಮಿಷ ಕೇಳಿ 'ತುಂಬಾ ಜನ ಇದ್ದಾರೆ' ಎಂದು ವಾಪಸ್ ಕೊಟ್ಟರು.

ಮುಂದಿನ ತಿಂಗಳು ನಮ್ಮ ಕಾಲೇಜಿನ ಹತ್ತಿರ ಒಂದು ಥ್ರ್ಯಾಶ್ ಕಾರ್ಯಕ್ರಮ ಇದೆಯಂತೆ. ಮೊದಲ ಸಲ ಹೋಗುತ್ತಿದ್ದೇನೆ. ಏನಾದರೂ ಗಮನದಲ್ಲಿ ಇಟ್ಟುಕೊಳ್ಳಬೇಕಾ?

ಕಾಫಿ_ಮಾತ್ರ:

ಕನ್ನಡಕ ಇದ್ದರೆ ತೆಗೆದು ಬ್ಯಾಗಿನಲ್ಲಿಡು. ಫೋನ್ ಮುಂದಿನ ಜೇಬಿನಲ್ಲಿ, ಜಿಪ್ ಹಾಕು. ಕಿವಿಗೆ ಇಯರ್ ಪ್ಲಗ್ ತಗೊಂಡು ಹೋಗು, ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ನೀರು ಕುಡಿದು ಇಳಿ. ಯಾರಾದರೂ ಬಿದ್ದರೆ ನಿಂತು ಎತ್ತು, ಹಾಡು ಎಷ್ಟೇ ಚೆನ್ನಾಗಿರಲಿ.

ಶೂ ಲೇಸಿಗೆ ಎರಡು ಗಂಟು ಹಾಕು ತಮ್ಮಾ.